ಮೆಣಸಿಗೆ ಯಾವ ಆಲ್ಕೋಹಾಲ್, ಕಾಚಂಪುಳಿಗೆ ಯಾಕೆ ಬರೀ ನೀರು: ಸಾರ ತೆಗೆಯುವವರಿಗೆ ಧ್ರುವೀಯತೆಯ ಲೆಕ್ಕ

ಮಳೆಗಾಲದ ಆಟಿ ತಿಂಗಳ 18ರ ದಿನ ಕೊಡಗಿನ ಮನೆಗಳಲ್ಲಿ ಒಂದು ಸಾರ ತೆಗೆಯುವ ಕೆಲಸ ನಡೆಯುತ್ತದೆ. ಮದ್ದುಸೊಪ್ಪನ್ನು ಕಿತ್ತು ತಂದು, ತೊಳೆದು, ನೀರಿಗೆ ಹಾಕಿ ಕುದಿಸುತ್ತೇವೆ. ಸ್ವಲ್ಪ ಹೊತ್ತಿಗೆಲ್ಲ ನೀರು ಕಡು ನೇರಳೆ. ಸೊಪ್ಪನ್ನು ಸೋಸಿ ಆಚೆ ಹಾಕಿ, ಆ ನೀರಿನಲ್ಲೇ ಪಾಯಸ ಮಾಡುತ್ತೇವೆ. ಎಣ್ಣೆ ಬೇಡ, ಸ್ಪಿರಿಟ್ ಬೇಡ. ಬಣ್ಣ, ಪರಿಮಳ ಎರಡೂ ನೀರಿಗೆ ಇಳಿದುಬಿಡುತ್ತವೆ.

ಅದೇ ಆಸೆಯಿಂದ ಕಾಳುಮೆಣಸನ್ನು ನೀರಿಗೆ ಹಾಕಿದರೆ ಕೆಲಸ ಆಗುವುದಿಲ್ಲ. ಮೆಣಸಿನ ಖಾರಕ್ಕೆ ಕಾರಣ ಪೈಪರೀನ್ ಎಂಬ ವಸ್ತು. ಒಂದು ಲೀಟರ್ ತಣ್ಣೀರಿನಲ್ಲಿ ಅದು ಸುಮಾರು 40 ಮಿಲಿಗ್ರಾಂ ಮಾತ್ರ ಕರಗುತ್ತದೆ. 10 ಗ್ರಾಂ ಮೆಣಸಿನಲ್ಲಿ ಶೇ. 5ರಷ್ಟು ಪೈಪರೀನ್ ಇದೆ ಎಂದಿಟ್ಟುಕೊಳ್ಳಿ. ಅಂದರೆ 500 ಮಿಲಿಗ್ರಾಂ. ಅಷ್ಟನ್ನೂ ಕರಗಿಸಲು 12 ಲೀಟರಿಗಿಂತ ಜಾಸ್ತಿ ನೀರು ಬೇಕು. ಎಥನಾಲ್, ಅಂದರೆ ಮದ್ಯದಲ್ಲಿರುವ ಆಲ್ಕೋಹಾಲ್ ಆದರೆ? ಒಂದು ಗ್ರಾಂ ಪೈಪರೀನ್ ಕರಗಲು ಸುಮಾರು 15 ಮಿಲಿ ಸಾಕು. ನಮ್ಮ 500 ಮಿಲಿಗ್ರಾಂಗೆ ಎಂಟು ಮಿಲಿಯೂ ಬೇಡ. ಮೆಣಸಿನ ಸಾರು ಖಾರ ಇರುತ್ತದಲ್ವಾ ಎಂದು ನೀವು ಕೇಳಬಹುದು. ಅಲ್ಲಿ ಪುಡಿಯನ್ನೇ ಕುಡಿಯುತ್ತೇವೆ, ಮೇಲೆ ತುಪ್ಪದ ಒಗ್ಗರಣೆ ಬೇರೆ ಇರುತ್ತದೆ. ಆ ತುಪ್ಪ ಕೂಡ ಒಂದು ದ್ರಾವಕವೇ, ಅಂದರೆ ಬೇರೆ ವಸ್ತುವನ್ನು ಕರಗಿಸಿಕೊಳ್ಳುವಂಥದ್ದು.

ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ವಿರಾಜಪೇಟೆ ಕಡೆ ಸ್ವಲ್ಪ ಕಾಫಿ, ಮೆಣಸಿನ ತೋಟವೂ ಇದೆ. ಈಗೀಗ ತೋಟದವರು ಬಂದು, ಏಲಕ್ಕಿ ಎಸೆನ್ಸ್ ಮಾಡಬಹುದಾ, ವೆನಿಲ್ಲಾ ಸಾರ ತೆಗೆಯಬಹುದಾ, ಯಾವ ಆಲ್ಕೋಹಾಲ್ ಸ್ಟ್ರಾಂಗ್ ಎಂದು ಕೇಳುತ್ತಾರೆ. ಈ ಕೊನೆಯ ಪ್ರಶ್ನೆಯಲ್ಲೇ ತಪ್ಪು ಶುರುವಾಗುತ್ತದೆ. ಯಾವುದು ಸ್ಟ್ರಾಂಗ್ ಅನ್ನುವುದನ್ನು ಬಿಟ್ಟು, ನಾನು ತೆಗೆಯಬೇಕಾದ ವಸ್ತುವಿಗೆ ಯಾವುದು ಹತ್ತಿರ ಎಂದು ಕೇಳಿಕೊಳ್ಳಬೇಕು.

ಹೆಜ್ಜೆ 1: ಬಾಟಲಿ ಮುಟ್ಟುವ ಮೊದಲು ವಸ್ತುವನ್ನು ನೋಡಿ

ಅಣುವಿನ ಒಂದು ಕಡೆ ಸ್ವಲ್ಪ ಧನ, ಇನ್ನೊಂದು ಕಡೆ ಸ್ವಲ್ಪ ಋಣ ವಿದ್ಯುದಂಶ ಇದ್ದರೆ ಅದನ್ನು ಧ್ರುವೀಯ ಅಣು ಎನ್ನುತ್ತೇವೆ. ಈ ಗುಣವೇ ಧ್ರುವೀಯತೆ, ಅಂದರೆ ಪೋಲಾರಿಟಿ. ನೀರು ತುಂಬಾ ಧ್ರುವೀಯ. ಕೊಬ್ಬರಿ ಎಣ್ಣೆಯಲ್ಲಿ ಆ ಗುಣ ತೀರಾ ಕಡಿಮೆ. ದ್ರಾವಕ ತನ್ನಂಥದ್ದನ್ನು ಕರಗಿಸುತ್ತದೆ. ಸಕ್ಕರೆ, ಉಪ್ಪು, ಹಣ್ಣಿನ ಹುಳಿ ನೀರಿನ ಬಳಗ. ಕಿತ್ತಳೆ ಸಿಪ್ಪೆಯ ಎಣ್ಣೆ, ಮೇಣ, ಮೆಣಸಿನ ಖಾರ, ಅರಿಶಿನದ ಹಳದಿ ಎಣ್ಣೆಯ ಬಳಗ. ಆಲ್ಕೋಹಾಲ್‌ಗಳು ಇವೆರಡರ ನಡುವೆ ನಿಲ್ಲುತ್ತವೆ. ಸಾರ ತೆಗೆಯುವವರಿಗೆ ಅವು ಅಷ್ಟು ಬೇಕಾಗುವುದು ಇದಕ್ಕೇ.

ಕೊಡಗಿನ ಅಡುಗೆಯ ಕಪ್ಪು ಹುಳಿಯಾದ ಕಾಚಂಪುಳಿಯನ್ನು ನೋಡಿ. ಮಳೆಗಾಲದಲ್ಲಿ ಹಣ್ಣಾದ ಪುಳಿಯನ್ನು ರಾಶಿ ಹಾಕಿ, ತೊಟ್ಟಿಕ್ಕುವ ರಸ ಹಿಡಿದು, ಮಡಕೆಯಲ್ಲಿ ಕಪ್ಪಗೆ ಗಟ್ಟಿಯಾಗುವ ತನಕ ಕುದಿಸುತ್ತಾರೆ. ಅದರಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಹಾಗಾಗಿ ಹಣ್ಣಿನ ಸ್ವಂತ ನೀರೇ ಸಾಕು. ಇದಕ್ಕೆ ಆಲ್ಕೋಹಾಲ್ ಖರ್ಚು ಮಾಡುವುದು ದಂಡ. ಹಿರಿಯರು ಧ್ರುವೀಯತೆ ಎಂಬ ಪದ ಕೇಳಿರಲಿಲ್ಲ. ಆದರೆ ಯಾವುದಕ್ಕೆ ನೀರು, ಯಾವುದಕ್ಕೆ ತುಪ್ಪ ಎನ್ನುವುದು ಅವರ ಕೈಗೆ ಗೊತ್ತಿತ್ತು.

ಹೆಜ್ಜೆ 2: ನಾಲ್ಕು ಆಲ್ಕೋಹಾಲ್‌ಗಳನ್ನು ಸಾಲಾಗಿ ನಿಲ್ಲಿಸಿ

ಗದ್ದೆ ನೀರಿನ ಗೊದಮೊಟ್ಟೆಯನ್ನು ನೆನಪಿಸಿಕೊಳ್ಳಿ. ಒಂದು ತಲೆ, ಒಂದು ಬಾಲ. ಆಲ್ಕೋಹಾಲ್ ಅಣುವೂ ಹೀಗೇ ಇದೆ. ತಲೆಯಲ್ಲಿ ಆಮ್ಲಜನಕ ಮತ್ತು ಜಲಜನಕ ಸೇರಿದ ಓಹೆಚ್ ಗುಂಪು. ಅದಕ್ಕೆ ನೀರು ಇಷ್ಟ. ಬಾಲ ಇಂಗಾಲದ್ದು. ಅದಕ್ಕೆ ಎಣ್ಣೆ ಇಷ್ಟ. ಎಲ್ಲದರಲ್ಲೂ ತಲೆ ಒಂದೇ, ಉದ್ದ ಬೇರೆಯಾಗುವುದು ಬಾಲ. ಮೆಥನಾಲ್‌ಗೆ ಒಂದು ಇಂಗಾಲ, ಎಥನಾಲ್‌ಗೆ ಎರಡು, ಪ್ರೊಪನಾಲ್‌ಗೆ ಮೂರು, ಬ್ಯೂಟನಾಲ್‌ಗೆ ನಾಲ್ಕು. ಬಾಲ ಉದ್ದವಾದಷ್ಟೂ ನೀರಿನ ಗುಣ ಕಡಿಮೆಯಾಗುತ್ತದೆ, ಎಣ್ಣೆಯ ಗುಣ ಜಾಸ್ತಿಯಾಗುತ್ತದೆ.

ಇದನ್ನು ಅಂಕಿಯಲ್ಲಿ ನೋಡುವ ಒಂದು ದಾರಿ ಡೈಎಲೆಕ್ಟ್ರಿಕ್ ಸ್ಥಿರಾಂಕ. ಅಂಕೆ ದೊಡ್ಡದಾದಷ್ಟೂ ದ್ರಾವಕ ಜಾಸ್ತಿ ಧ್ರುವೀಯ ಎಂದುಕೊಳ್ಳಿ. ಸುಮಾರು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿಗೆ 78, ಮೆಥನಾಲ್‌ಗೆ 33, ಎಥನಾಲ್‌ಗೆ 24, ಐಸೋಪ್ರೊಪೈಲ್ ಆಲ್ಕೋಹಾಲ್‌ಗೆ (ಪ್ರೊಪನಾಲ್‌ನ ಒಂದು ರೂಪ) 18ರಿಂದ 20, ಬ್ಯೂಟನಾಲ್‌ಗೆ 17. ಕಾರ್ಖಾನೆಗಳಲ್ಲಿ ಎಣ್ಣೆ ತೆಗೆಯಲು ಬಳಸುವ ಹೆಕ್ಸೇನ್‌ಗೆ ಬರೀ 2. ಈ ಸಾಲಿನಲ್ಲಿ ನನಗೆ ಮುಖ್ಯ ಅನಿಸುವುದು ನೀರು ಮತ್ತು ಮೆಥನಾಲ್ ನಡುವಿನ ದೊಡ್ಡ ಅಂತರ. ಅಲ್ಲಿ 45 ಅಂಕೆಯ ವ್ಯತ್ಯಾಸ ಇದೆ. ಎಥನಾಲ್‌ಗೂ ಐಸೋಪ್ರೊಪೈಲ್‌ಗೂ ನಾಲ್ಕರಿಂದ ಆರು ಅಂಕೆ ಅಷ್ಟೇ. ಅಂದರೆ ಒಂದು ಆಲ್ಕೋಹಾಲ್ ಬಿಟ್ಟು ಇನ್ನೊಂದನ್ನು ಹುಡುಕಿಕೊಂಡು ಹೋಗುವುದಕ್ಕಿಂತ, ಇರುವ ಆಲ್ಕೋಹಾಲ್‌ಗೆ ಎಷ್ಟು ನೀರು ಸೇರಿಸುತ್ತೀರಿ ಎನ್ನುವುದೇ ಜಾಸ್ತಿ ಬದಲಾವಣೆ ತರುತ್ತದೆ.

ಇನ್ನೊಂದು ಅಳತೆ ಇದೆ. ಅದರ ಕಥೆ ಪಾಠದಲ್ಲಿ ಹೇಳುವುದೆಂದರೆ ನನಗೆ ತುಂಬಾ ಖುಷಿ. ಜರ್ಮನಿಯ ರಸಾಯನಶಾಸ್ತ್ರಜ್ಞ ಕ್ರಿಸ್ಟಿಯಾನ್ ರೈಖಾರ್ಟ್ ಹೆಸರಿನಲ್ಲಿ ಕರೆಯುವ ಒಂದು ಬಣ್ಣದ ಪುಡಿ ಇದೆ. ಅದನ್ನು ಮೆಥನಾಲ್‌ಗೆ ಹಾಕಿದರೆ ಕೆಂಪು, ಎಥನಾಲ್‌ಗೆ ಹಾಕಿದರೆ ನೇರಳೆ, ಐದು ಇಂಗಾಲದ ಐಸೋಅಮೈಲ್ ಆಲ್ಕೋಹಾಲ್‌ಗೆ ಹಾಕಿದರೆ ನೀಲಿ. ಪುಡಿ ಒಂದೇ. ದ್ರಾವಕದ ಧ್ರುವೀಯತೆ ಬದಲಾದ ಹಾಗೆ ಬಣ್ಣ ಬದಲಾಗುತ್ತದೆ. ಈ ಬಣ್ಣದ ಲೆಕ್ಕದಿಂದ ನೀರಿಗೆ 1 ಎಂದು ಕೊಟ್ಟರೆ ಮೆಥನಾಲ್‌ಗೆ 0.762, ಎಥನಾಲ್‌ಗೆ 0.654, ಐಸೋಪ್ರೊಪೈಲ್‌ಗೆ 0.546, ಹೆಕ್ಸೇನ್‌ಗೆ 0.009 ಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಧ್ರುವೀಯತೆ ಸೂಚ್ಯಂಕ ಎಂಬ ಮೂರನೇ ಪಟ್ಟಿಯೂ ಓಡಾಡುತ್ತಿದೆ. ಕೆಲವು ಕಡೆ ಅದರಲ್ಲಿ ಮೆಥನಾಲ್‌ಗೆ 5.1, ಎಥನಾಲ್‌ಗೆ 5.2 ಎಂದಿರುತ್ತದೆ. ಇನ್ನು ಕೆಲವು ಕಡೆ ಎಥನಾಲ್‌ಗೆ 4.3. ಪ್ರತಿ ವರ್ಷ ಒಬ್ಬ ವಿದ್ಯಾರ್ಥಿಯಾದರೂ ಬಂದು, ‘ಸರ್, ಎಥನಾಲೇ ಜಾಸ್ತಿ ಧ್ರುವೀಯ ಅಂತ ಇದೆಯಲ್ಲಾ’ ಎಂದು ಕೇಳುತ್ತಾನೆ. ಅಳೆಯುವ ರೀತಿ ಬೇರೆಯಾದರೆ ಅಂಕೆಯೂ ಬೇರೆಯಾಗುತ್ತದೆ. ಒಂದು ಪಟ್ಟಿಯ ಅಂಕೆಯನ್ನು ಇನ್ನೊಂದು ಪಟ್ಟಿಯ ಅಂಕೆಯ ಪಕ್ಕ ಇಟ್ಟು ಹೋಲಿಸಬೇಡಿ. ಬಾಲದ ಉದ್ದ ನೆನಪಿಟ್ಟುಕೊಂಡರೆ ದಾರಿ ತಪ್ಪುವುದಿಲ್ಲ.

ಹೆಜ್ಜೆ 3: ಬಾಯಿಗೆ ಹೋಗುವ ಸಾರವೇ? ಹಾಗಾದರೆ ಮೂರನ್ನು ಹೊಡೆದುಹಾಕಿ

ನಮ್ಮ ಪಕ್ಕದ ತೋಟದ ಅಣ್ಣ ಒಮ್ಮೆ ಪೇಟೆಯಿಂದ ಒಂದು ಲೀಟರ್ ಸ್ಪಿರಿಟ್ ತಂದಿದ್ದರು. ಮರದ ಪಾಲಿಶ್‌ಗೆ ಮಾರುವಂಥದ್ದು. ಅದರಲ್ಲಿ ಏಲಕ್ಕಿ ನೆನೆಹಾಕಿ, ಸ್ಪಿರಿಟ್ ಆರಿಸಿ, ಉಳಿದದ್ದನ್ನು ಸಿಹಿತಿಂಡಿಗೆ ಹಾಕುವ ಯೋಚನೆ ಅವರದು. ‘ಸ್ಪಿರಿಟ್ ಎಲ್ಲಾ ಒಂದೇ ತಾನೇ? ಆರಿ ಹೋದ ಮೇಲೆ ಏನಿರುತ್ತೆ?’ ಎಂದರು. ನಾನು ಬಾಟಲಿ ತಿರುಗಿಸಿ ಲೇಬಲ್ ತೋರಿಸಿದೆ. ಡಿನೇಚರ್ಡ್ ಎಂದಿತ್ತು. ಕುಡಿಯಬಾರದೆಂದೇ ವಿಷ ಬೆರೆಸಿದ ಎಥನಾಲ್ ಅದು. ಬೆರೆಸುವ ವಸ್ತುಗಳಲ್ಲಿ ಮೆಥನಾಲ್ ಕೂಡ ಒಂದು. ಅವರು ಅಷ್ಟನ್ನೂ ಪಾಲಿಶ್‌ಗೇ ಇಟ್ಟುಕೊಂಡರು. ನನಗೆ ಮಾತ್ರ ಅವತ್ತು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಮನೆಯಲ್ಲಿ ಎರಡು ಚಿಕ್ಕ ಮಕ್ಕಳಿದ್ದರು.

ಮೆಥನಾಲ್ ದೇಹದೊಳಗೆ ಫಾರ್ಮಿಕ್ ಆಮ್ಲವಾಗಿ ಬದಲಾಗಿ ಕಣ್ಣಿನ ನರವನ್ನು ಸುಡುತ್ತದೆ. 10 ಮಿಲಿಯಷ್ಟು ಕಡಿಮೆ ಪ್ರಮಾಣವೂ ಕುರುಡು ಮಾಡಬಹುದು. ಮೂಸಿ, ರುಚಿ ನೋಡಿ ಎಥನಾಲ್‌ನಿಂದ ಬೇರೆ ಮಾಡಲು ಆಗುವುದಿಲ್ಲ. ಆರಿಸಿದರೆ ಪೂರ್ತಿ ಹೋಗುತ್ತದೆ ಎಂಬ ಭರವಸೆಯೂ ಇಲ್ಲ. ಸಸ್ಯದ ಸಾರ ತೆಗೆಯಲು ಅದು ಒಳ್ಳೆಯ ದ್ರಾವಕವೇ. ಲ್ಯಾಬ್‌ಗಳಲ್ಲಿ ದಿನವೂ ಬಳಸುತ್ತಾರೆ. ಆದರೆ ಅದರ ಜಾಗ ಆವಿಯನ್ನು ಹೊರಗೆ ಎಳೆಯುವ ಲ್ಯಾಬ್‌ನ ಹುಡ್ ಒಳಗೆ ಮಾತ್ರ.

ಐಸೋಪ್ರೊಪೈಲ್ ಅಂದರೆ ಸ್ಯಾನಿಟೈಸರ್‌ನಲ್ಲಿ, ಮೊಬೈಲ್ ರಿಪೇರಿ ಅಂಗಡಿಯಲ್ಲಿ ಸಿಗುವ ಐಪಿಎ. ಇದೂ ಹೊಟ್ಟೆಗೆ ವಿಷ. ಎಣ್ಣೆ, ರಾಳ ಬಿಡಿಸಲು ಎಥನಾಲ್‌ಗಿಂತ ಒಂದು ಕೈ ಮೇಲು. ಹಾಗಾಗಿ ಪಾತ್ರೆಗೆ ಅಂಟಿದ ಮೆಣಸಿನ ರಾಳ ಒರೆಸಲು ನಾನು ಇದನ್ನೇ ಬಳಸುತ್ತೇನೆ. ಬ್ಯೂಟನಾಲ್ ಮನೆಗೆ ಬೇಡವೇ ಬೇಡ. ಅದು ನೀರಿನೊಂದಿಗೆ ಪೂರ್ತಿ ಬೆರೆಯುವುದಿಲ್ಲ. 100 ಮಿಲಿ ನೀರಿಗೆ ಏಳೆಂಟು ಗ್ರಾಂ ಹೋಗಿ ಉಳಿದದ್ದು ಮೇಲೆ ನಿಲ್ಲುತ್ತದೆ. ಈ ಗುಣದಿಂದಲೇ ಅಂಟುವಾಳದಂಥ ಕಾಯಿಯ ನೊರೆ ಕೊಡುವ ಸಪೋನಿನ್‌ಗಳನ್ನು ನೀರಿನಿಂದ ಎಳೆದುಕೊಳ್ಳಲು ಲ್ಯಾಬ್‌ನಲ್ಲಿ ಬಳಸುತ್ತಾರೆ.

ಹಾಗಾದರೆ ತಿನ್ನುವ ಸಾರಕ್ಕೆ ಉಳಿದದ್ದು ಕುಡಿಯಬಹುದಾದ ದರ್ಜೆಯ ಎಥನಾಲ್ ಒಂದೇ. ಅಡುಗೆಮನೆಯ ಅಳತೆಗೆ ಸೀಲ್ ಮಾಡಿದ ವೋಡ್ಕಾ ಬಾಟಲಿ ಸಾಕು. ನಮ್ಮಲ್ಲಿ ಅದರ ಮೇಲೆ ಸಾಮಾನ್ಯವಾಗಿ ಶೇ. 42.8 ಎಂದಿರುತ್ತದೆ. ಶೇ. 95ರ ಎಥನಾಲ್ ಬೇಕಿದ್ದರೆ ಅಬಕಾರಿ ಇಲಾಖೆಯ ಪರವಾನಗಿ ಬೇಕು. ಮೊದಲು ಜಿಲ್ಲಾ ಅಬಕಾರಿ ಕಚೇರಿಗೆ ಹೋಗಿ ಕೇಳಿ. ಮಾರುವ ಯೋಚನೆ ಇದ್ದರೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐನ ನೋಂದಣಿಯನ್ನೂ ವಿಚಾರಿಸಿ. ಮನೆಯಲ್ಲಿ ಬಟ್ಟಿ ಇಳಿಸುವುದು ಅಪರಾಧ, ಅಪಾಯ ಕೂಡ.

ಹೆಜ್ಜೆ 4: ನೀರಿನ ಪಾಲು ನಿಮ್ಮ ಕೈಯಲ್ಲಿರುವ ತಿರುಗಣೆ

ಒಂದೇ ಎಥನಾಲ್ ಇದ್ದರೂ ಚಿಂತೆ ಇಲ್ಲ. ನೀರು ಸೇರಿಸಿದಂತೆ ಧ್ರುವೀಯತೆ ಏರುತ್ತದೆ. ತೂಕದಲ್ಲಿ ಅರ್ಧ ನೀರು, ಅರ್ಧ ಎಥನಾಲ್ ಸೇರಿಸಿದರೆ ಡೈಎಲೆಕ್ಟ್ರಿಕ್ ಸ್ಥಿರಾಂಕ ಹೆಚ್ಚುಕಡಿಮೆ 50ಕ್ಕೆ ಬಂದು ನಿಲ್ಲುತ್ತದೆ. ಮೆಥನಾಲ್‌ನ ಸ್ಥಾನವನ್ನೂ ದಾಟಿದ ಹಾಗಾಯಿತು. ವಿಷ ಮುಟ್ಟದೆ ಮೆಥನಾಲ್‌ನ ಕೆಲಸದ ದೊಡ್ಡ ಪಾಲನ್ನು ನೀರು ಬೆರೆಸಿದ ಎಥನಾಲ್‌ನಿಂದಲೇ ಮಾಡಿಸಬಹುದು. ಇದು ಗೊತ್ತಿದ್ದರೆ ಯಾರೂ ಅಂಗಡಿಯ ಸ್ಪಿರಿಟ್ ಹಿಂದೆ ಹೋಗಬೇಕಾಗಿಲ್ಲ.

ನನ್ನ ಅನುಭವದ ಪ್ರಕಾರ ಹೀಗೆ ಶುರು ಮಾಡಿ. ಮೆಣಸು, ಏಲಕ್ಕಿ, ಅರಿಶಿನ, ಕಿತ್ತಳೆ ಸಿಪ್ಪೆಗೆ ಶೇ. 90ರಿಂದ 95. ಕಾಫಿ ಹಣ್ಣಿನ ಸಿಪ್ಪೆ, ನೆಲ್ಲಿಕಾಯಿಯಂಥ ಒಗರು ವಸ್ತುಗಳಿಗೆ ಶೇ. 50ರಿಂದ 70. ಒಗರಿನ ಪಾಲಿಫಿನಾಲ್‌ಗಳಿಗೆ ನೀರೂ ಬೇಕು, ಆಲ್ಕೋಹಾಲೂ ಬೇಕು. ಅಂಟು, ಪೆಕ್ಟಿನ್, ಪಿಷ್ಟ ಬೇಡವೆಂದರೆ ಆಲ್ಕೋಹಾಲ್ ಪಾಲು ಏರಿಸಿ. ಅವು ಅದರಲ್ಲಿ ಕರಗದೆ ತಳಕ್ಕೆ ಕೂರುತ್ತವೆ.

ವೆನಿಲ್ಲಾಗೆ ವೋಡ್ಕಾ ಹೇಳಿ ಮಾಡಿಸಿದ ಹಾಗಿದೆ. ಅಮೆರಿಕದ ನಿಯಮದಂತೆ ವೆನಿಲ್ಲಾ ಎಕ್ಸ್‌ಟ್ರಾಕ್ಟ್ ಎಂದು ಕರೆಯಲು ಕನಿಷ್ಠ ಶೇ. 35 ಆಲ್ಕೋಹಾಲ್ ಬೇಕು, ಲೀಟರಿಗೆ ಸುಮಾರು 100 ಗ್ರಾಂ ಕೋಡು ಬೇಕು. ನಮ್ಮ ಶೇ. 42.8 ಅದಕ್ಕೆ ಸರಿಹೊಂದುತ್ತದೆ. 2000ರ ದಶಕದ ಆರಂಭದಲ್ಲಿ ಬೆಲೆ ಏರಿದಾಗ ಇಲ್ಲೂ ಎಷ್ಟೋ ಜನ ವೆನಿಲ್ಲಾ ಬಳ್ಳಿ ಹಬ್ಬಿಸಿದ್ದರು. ಬೆಲೆ ಬಿದ್ದ ಮೇಲೆ ಕಿತ್ತು ಹಾಕಿದವರೇ ಜಾಸ್ತಿ. ಬಳ್ಳಿ ಇನ್ನೂ ಇರುವವರು, ಕೋಡನ್ನು ಸರಿಯಾಗಿ ಹದ ಮಾಡಿದ ನಂತರವೇ ಸೀಳಿ ನೆನೆಹಾಕಿ. ಹಸಿ ಕೋಡಿನಲ್ಲಿ ಆ ಪರಿಮಳ ಇನ್ನೂ ಬಂದಿರುವುದಿಲ್ಲ.

ಅಳತೆಯ ಲೆಕ್ಕ ಸುಲಭ. ಶೇ. 95ರ 100 ಮಿಲಿಯನ್ನು ಶೇ. 70 ಮಾಡಬೇಕೇ? 95ನ್ನು 70ರಿಂದ ಭಾಗಿಸಿ 100ರಿಂದ ಗುಣಿಸಿ. 136 ಬರುತ್ತದೆ. ಅಳತೆ ಜಾಡಿಯಲ್ಲಿ 100 ಮಿಲಿ ಹಾಕಿ, ಒಟ್ಟು 136ರ ಗೆರೆ ಮುಟ್ಟುವ ತನಕ ನೀರು ಸೇರಿಸಿ. ಬೇರೆಯಾಗಿ 36 ಮಿಲಿ ಅಳೆದು ಸುರಿಯಬೇಡಿ. ಎಥನಾಲ್, ನೀರು ಬೆರೆತಾಗ ಒಟ್ಟು ಗಾತ್ರ ಸ್ವಲ್ಪ ಕುಗ್ಗುತ್ತದೆ. 50ಕ್ಕೆ 50 ಸೇರಿಸಿದರೆ 100 ಬರುವುದಿಲ್ಲ, ಸುಮಾರು 96ರಿಂದ 97 ಬರುತ್ತದೆ.

ಇನ್ನು ನಮ್ಮ ಊರಿನ ಮಳೆ. ವಸ್ತುವಿನೊಳಗಿನ ನೀರೂ ಈ ಲೆಕ್ಕಕ್ಕೆ ಸೇರುತ್ತದೆ. 100 ಗ್ರಾಂ ಹಸಿ ಎಲೆಯಲ್ಲಿ 80 ಗ್ರಾಂ ನೀರಿದೆ ಎಂದುಕೊಳ್ಳಿ. ಅದನ್ನು ಶೇ. 95ರ 200 ಮಿಲಿಯಲ್ಲಿ ನೆನೆಹಾಕಿದರೆ ನಿಮ್ಮ ದ್ರಾವಕ ಶೇ. 68ಕ್ಕೆ ಇಳಿದಿರುತ್ತದೆ. ಕಣದಲ್ಲಿ ಅರ್ಧ ಒಣಗಿದ ಮೆಣಸಿನದೂ ಇದೇ ಕಥೆ. ಜುಲೈ ತಿಂಗಳಲ್ಲಿ ಮಾಡಿದ ಸಾರ ಫೆಬ್ರವರಿಯದರ ಹಾಗೆ ಬರುತ್ತಿಲ್ಲ ಎಂದು ಬಂದವರಿಗೆ ನಾನು ಮೊದಲು ಕೇಳುವುದು, ಸರಕು ಎಷ್ಟು ಒಣಗಿತ್ತು ಎಂದು.

ಹೆಜ್ಜೆ 5: ದೊಡ್ಡ ಡಬ್ಬಕ್ಕೆ ಕೈ ಹಾಕುವ ಮೊದಲು ಚಿಕ್ಕ ಬಾಟಲಿ

ಗಾಜಿನ ನಾಲ್ಕು ಬಾಟಲಿ ತೆಗೆದುಕೊಳ್ಳಿ. ಪ್ರತಿಯೊಂದಕ್ಕೂ ತರಿತರಿಯಾಗಿ ಪುಡಿ ಮಾಡಿದ ಮೆಣಸು 5 ಗ್ರಾಂ. ಒಂದಕ್ಕೆ ನೀರು, ಒಂದಕ್ಕೆ ವೋಡ್ಕಾ, ಒಂದಕ್ಕೆ ಶೇ. 70, ಒಂದಕ್ಕೆ ಶೇ. 95, ಎಲ್ಲದಕ್ಕೂ 50 ಮಿಲಿ. ಮುಚ್ಚಿ, ಆಗಾಗ ಅಲ್ಲಾಡಿಸಿ, 24 ಗಂಟೆ ಬಿಡಿ. ತೀರಾ ನುಣ್ಣಗೆ ಪುಡಿ ಮಾಡಬೇಡಿ, ಸೋಸುವಾಗ ಕಟ್ಟಿಕೊಳ್ಳುತ್ತದೆ. ಪರವಾನಗಿ ಇಲ್ಲದವರು ಮೊದಲ ಎರಡನ್ನೇ ಮಾಡಿ, ಅದರಲ್ಲೂ ಕಲಿಯುವುದು ತುಂಬಾ ಇದೆ.

ಸೋಸಿದ ಮೇಲೆ ಬಣ್ಣ ನೋಡಿ. ನೀರಿನದು ಮಬ್ಬು, ಮೂರು ದಿನ ಇಟ್ಟರೆ ಹುಳಿ ವಾಸನೆ ಬರುತ್ತದೆ. ಶೇ. 95ರದು ತಿಳಿಯಾಗಿ, ಹಸಿರು ಬೆರೆತ ಕಂದು. ಈಗ ಆ ತಿಳಿ ಸಾರವನ್ನು ಒಂದು ಚಮಚ ತೆಗೆದು, ಅದಕ್ಕೆ ಹನಿ ಹನಿಯಾಗಿ ನೀರು ಬಿಡಿ. ಕಣ್ಣ ಮುಂದೆಯೇ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ನೀರು ಸೇರಿದಂತೆ ಧ್ರುವೀಯತೆ ಏರಿತು. ಎಣ್ಣೆ, ರಾಳ, ಪೈಪರೀನ್ ಇನ್ನು ಅಲ್ಲಿ ಕರಗಿರಲಾರದೆ ಹೊರಗೆ ಬಂದವು. ನನ್ನ ಮಟ್ಟಿಗೆ ಧ್ರುವೀಯತೆಯ ಅತ್ಯುತ್ತಮ ಪಾಠ ಇದೇ. ಸಾರ ಜಾಸ್ತಿ ಹಾಲಾದಷ್ಟೂ ಅದರಲ್ಲಿ ಎಣ್ಣೆಯ ಬಳಗ ಜಾಸ್ತಿ ಇತ್ತು ಎಂದರ್ಥ. ಏಲಕ್ಕಿ ಸಾರಕ್ಕೂ ಹೀಗೇ ಆಗುತ್ತದೆ.

ಮಕ್ಕಳಿಗೆ ತೋರಿಸಲು ಅರಿಶಿನ ಒಳ್ಳೆಯದು. ಚಿಟಿಕೆ ಪುಡಿಯನ್ನು ನೀರಿಗೆ, ಇನ್ನೊಂದು ಚಿಟಿಕೆಯನ್ನು ಸ್ಪಿರಿಟ್‌ಗೆ ಹಾಕಿ, ಕೂರಲು ಬಿಡಿ. ನೀರಿನಲ್ಲಿ ಪುಡಿ ತಳ ಸೇರುತ್ತದೆ, ಮೇಲಿನ ನೀರು ಪೇಲವ. ಸ್ಪಿರಿಟ್ ಮಾತ್ರ ಮೇಲಿನಿಂದ ತಳದ ತನಕ ಬಂಗಾರದ ಹಳದಿ.

ಐಪಿಎ ಎಣ್ಣೆಯ ಕಡೆ ವಾಲಿದೆ ಎನ್ನುವುದನ್ನೂ ಕಣ್ಣಾರೆ ನೋಡಬಹುದು. ಶೇ. 70ರ ಐಪಿಎಗೆ ಅಡುಗೆ ಉಪ್ಪು ಹಾಕಿ ಚೆನ್ನಾಗಿ ಅಲ್ಲಾಡಿಸಿ ಇಡಿ. ಎರಡು ಪದರ ಆಗುತ್ತದೆ. ಉಪ್ಪು ನೀರನ್ನು ತನ್ನ ಕಡೆ ಎಳೆದುಕೊಂಡಿತು, ಐಪಿಎ ಮೇಲೆ ಬಂತು. ಎಥನಾಲ್‌ಗೆ ಅಡುಗೆ ಉಪ್ಪು ಹಾಕಿದರೆ ಹೀಗಾಗುವುದಿಲ್ಲ. ಅದು ನೀರನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಆದರೆ ಈ ಪರೀಕ್ಷೆಯಿಂದ ಮೆಥನಾಲ್ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಇದನ್ನು ನಂಬಿ ಯಾವ ಬಾಟಲಿಯನ್ನೂ ಬಾಯಿಗೆ ಇಡಬೇಡಿ.

ಧ್ರುವೀಯತೆಯೇ ಎಲ್ಲ ಅಲ್ಲ ಎನ್ನುವುದಕ್ಕೆ ನಮ್ಮ ಕಾಫಿಯೇ ಸಾಕ್ಷಿ. ಒಂದು ಗ್ರಾಂ ಕೆಫೀನ್ ಕರಗಲು ತಣ್ಣೀರು ಸುಮಾರು 46 ಮಿಲಿ ಬೇಕು, ಎಥನಾಲ್ 66 ಮಿಲಿ. ಕುದಿಯುವ ನೀರಾದರೆ ಒಂದೂವರೆ ಮಿಲಿ ಸಾಕು. ಬಿಸಿ ಮಾಡಿದ್ದಕ್ಕೆ ಮೂವತ್ತು ಪಟ್ಟು ಲಾಭ. ನೀರು ಸಾಲುವಲ್ಲಿ ಬಿಸಿ ನೀರನ್ನೇ ಬಳಸಿ.

ಹೆಜ್ಜೆ 6: ಆರಿಸುವಾಗ ಬೆಂಕಿ ದೂರ

ಏಲಕ್ಕಿ, ಕಿತ್ತಳೆ, ವೆನಿಲ್ಲಾ ಸಾರವನ್ನು ಆರಿಸಲೇಬೇಡಿ. ಹಾಗೇ ಹನಿ ಲೆಕ್ಕದಲ್ಲಿ ಬಳಸಿ. ಆರಿಸಿದರೆ ಎಥನಾಲ್ ಜೊತೆ ಪರಿಮಳವೂ ಸ್ವಲ್ಪ ಹೋಗುತ್ತದೆ. ಕಿತ್ತಳೆಯಲ್ಲಿ ಬಣ್ಣದ ಮೇಲ್ಪದರ ಮಾತ್ರ ತುರಿದುಕೊಳ್ಳಿ. ಒಳಗಿನ ಬಿಳಿ ಸೇರಿದರೆ ಕಹಿ.

ಮೆಣಸಿನ ರಾಳ ಗಟ್ಟಿಯಾಗಿ ಬೇಕೆಂದರೆ ಆರಿಸಲೇಬೇಕು. ಎಥನಾಲ್ 78 ಡಿಗ್ರಿಗೆ ಕುದಿಯುತ್ತದೆ, ಐಪಿಎ 82ಕ್ಕೆ, ಮೆಥನಾಲ್ 65ಕ್ಕೆ. ಬ್ಯೂಟನಾಲ್ ಮಾತ್ರ 118 ಡಿಗ್ರಿ, ಅದನ್ನು ಓಡಿಸುವುದು ಕಷ್ಟ. ಆದರೆ ಬೆಂಕಿ ಹತ್ತಲು ಕುದಿಯಬೇಕಾಗಿಲ್ಲ. ಶೇ. 95ರ ಎಥನಾಲ್ ಸುಮಾರು 17 ಡಿಗ್ರಿಯಲ್ಲೇ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಮಡಿಕೇರಿಯ ಹಗಲು ಸಾಮಾನ್ಯವಾಗಿ ಅದಕ್ಕಿಂತ ಬೆಚ್ಚಗಿರುತ್ತದೆ. ಆ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು ಹೋಗಿ, ಆಚೆ ಕೋಣೆಯ ಒಲೆಯನ್ನೂ ಮುಟ್ಟಬಹುದು. ಮಳೆಗಾಲದಲ್ಲಿ ಕಿಟಕಿ ಬಾಗಿಲು ಮುಚ್ಚಿ, ಒಲೆ ಪಕ್ಕದಲ್ಲೇ ಕೆಲಸ ಮಾಡುವ ಅಭ್ಯಾಸ ನಮ್ಮದು. ಈ ಕೆಲಸಕ್ಕೆ ಅದು ಖಂಡಿತ ಬೇಡ.

ಗ್ಯಾಸ್ ಒಲೆ, ಸೌದೆ ಒಲೆ, ಗೀಸರ್ ಯಾವುದೂ ಇಲ್ಲದ ತೆರೆದ ಜಾಗಕ್ಕೆ ಹೋಗಿ. ಬೇರೆ ಕಡೆ ಕಾಯಿಸಿ ತಂದ ಬಿಸಿನೀರಿನ ಪಾತ್ರೆಯೊಳಗೆ ಅಗಲವಾದ ಗಾಜಿನ ಬಟ್ಟಲು ಇಡಿ. ಒಂದು ಸಲಕ್ಕೆ 50 ಮಿಲಿಗಿಂತ ಜಾಸ್ತಿ ಬೇಡ. ನೀರು ತಣ್ಣಗಾದರೆ ಬದಲಾಯಿಸಿ. ಹಿತ್ತಾಳೆ, ಪ್ಲಾಸ್ಟಿಕ್ ಬೇಡ, ಗಾಜು ಇಲ್ಲವೇ ಸ್ಟೀಲ್ ಇರಲಿ. ಲೀಟರುಗಟ್ಟಲೆ ಮಾಡುವ ಯೋಚನೆ ಇದ್ದರೆ ಮನೆಯಲ್ಲಿ ಬೇಡ. ಏಲಕ್ಕಿ, ಮೆಣಸಿನ ವಿಷಯಕ್ಕೆ ಅಪ್ಪಂಗಳದಲ್ಲಿ ಸಾಂಬಾರ ಬೆಳೆ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಇದೆ. ಗೋಣಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಹೋಗಿ ಮಾತಾಡಿ ನೋಡಿ.

ಸಿದ್ಧವಾದ ಸಾರವನ್ನು ಕಂದು ಬಣ್ಣದ ಗಾಜಿನ ಬಾಟಲಿಗೆ ತುಂಬಿ, ಒಲೆಯಿಂದ ದೂರ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಬಾಟಲಿ ಮೇಲೆ ಚೀಟಿ ಅಂಟಿಸಿ ಆವತ್ತೇ ಬರೆಯಿರಿ: ಯಾವ ವಸ್ತು, ಎಷ್ಟು ಗ್ರಾಂ, ಒಣಗಿದ್ದೋ ಹಸಿಯೋ, ಶೇಕಡಾ ಎಷ್ಟರ ಎಥನಾಲ್, ಎಷ್ಟು ಮಿಲಿ, ನೆನೆಹಾಕಿದ ತಾರೀಕು, ಸೋಸಿದ ತಾರೀಕು. ಪಾತ್ರೆ ಒರೆಸಲು ಇಟ್ಟ ಐಪಿಎ ಬಾಟಲಿ ಮೇಲೆ ಕೆಂಪು ಶಾಯಿಯಲ್ಲಿ ‘ವಿಷ’ ಎಂದು ದೊಡ್ಡದಾಗಿ ಬರೆದು, ಅದನ್ನು ಬೇರೆ ಕಪಾಟಿನಲ್ಲಿಡಿ.